ಲಾರಿಯ ಹೊಗೆಕೊಳವೆಯೂ ಚಾಲಕನ ಕಿವಿಯೂ

ಕಳೆದ ಬೇಸಗೆಯ ಒಂದು ಮಧ್ಯಾಹ್ನ ದಾಬಸ್‌ಪೇಟೆಯಿಂದ ಹೊಸಕೋಟೆಗೆ ಹೊರಟಿದ್ದ ನಾವು, ನಮ್ಮ ಕಾರು ದಾರಿಯಲ್ಲಿ ಕೆಟ್ಟು ನಿಂತುದರಿಂದ, ಸಿಮೆಂಟಿನ ಮೂಟೆಗಳನ್ನು ಹೇರಿಕೊಂಡು ಬರುತ್ತಿದ್ದ ಹಳೆಯ ಲಾರಿಯೊಂದನ್ನು ಕೈಯೆತ್ತಿ ನಿಲ್ಲಿಸಿದೆವು. ಚಾಲಕನು ನಮ್ಮ ನರೆಗೂದಲನ್ನು ಕಂಡು ಕನಿಕರಿಸಿ, "ಹತ್ತಿ ಸ್ವಾಮಿ, ಆದರೆ ಒಳಗೆ ಸೆಖೆ ಜಾಸ್ತಿ" ಎಂದನು. ಆತನು ಹೇಳಿದುದು ಅಲ್ಪೋಕ್ತಿಯೆಂಬುದು ದೊಡ್ಡಬಳ್ಳಾಪುರ ಬರುವುದರೊಳಗೆ ನಮಗೆ ಮನದಟ್ಟಾಯಿತು. ಇಂಜಿನಿನ ಮೇಲಣ ಮುಚ್ಚಳಕ್ಕೆ ಗೋಣಿತಟ್ಟನ್ನು ನಾಲ್ಕು ಮಡಿಕೆ ಹಾಸಿ ಅದರ ಮೇಲೆ ಕ್ಲೀನರ್ ಹುಡುಗನು ಕುಳಿತಿದ್ದನು. ಆ ಗೋಣಿಯನ್ನು ನಾವು ಒಮ್ಮೆ ಮುಟ್ಟಿ ನೋಡಿ ಕೈಯನ್ನು ಹಿಂದಕ್ಕೆಳೆದುಕೊಂಡೆವು. ಕಾಲಡಿಯ ತಗಡಿನಿಂದ ಮೇಲೇಳುತ್ತಿದ್ದ ಕಾವು ಚಪ್ಪಲಿಯ ಅಟ್ಟೆಯನ್ನು ದಾಟಿ ಪಾದವನ್ನು ಸುಡುತ್ತಿದ್ದಿತು. ಸದ್ದಿನ ಮಾತನ್ನಂತೂ ಹೇಳುವುದೇ ಬೇಡ. ನಾವು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಚಾಲಕನು "ಆಂ?" ಎಂದು ಕಿವಿಯನ್ನು ನಮ್ಮ ಕಡೆಗೆ ತಿರುಗಿಸುತ್ತಿದ್ದನು.

ದೇವನಹಳ್ಳಿಯ ಸಮೀಪದಲ್ಲಿ ಚಹಾಕ್ಕೆಂದು ಗಾಡಿ ನಿಂತಾಗ ನಾವು ಬಗ್ಗಿ ಲಾರಿಯ ಅಡಿಯನ್ನು ನೋಡಿದೆವು. ಇಂಜಿನಿನಿಂದ ಹೊರಟ ಹೊಗೆಕೊಳವೆಯು ಸೈಲೆನ್ಸರಿಗೆ ಸೇರುವ ಕೀಲಿನಲ್ಲಿ ಮಸಿ ಹಿಡಿದು ಕಪ್ಪಗಾಗಿದ್ದಿತು. ಸೈಲೆನ್ಸರಿನ ಮಗ್ಗುಲಲ್ಲಿ ತುಕ್ಕು ತಿಂದ ತೂತು; ಅದರ ಮೇಲೆ ತಗಡನ್ನು ಹೊದಿಸಿ ಕಬ್ಬಿಣದ ತಂತಿಯಿಂದ ಬಿಗಿದಿದ್ದರು. ಆ ತಂತಿಯೂ ಸಡಿಲವಾಗಿ ತಗಡು ತಾಳ ಹಾಕುತ್ತಿದ್ದಿತು. "ಯಜಮಾನರಿಗೆ ಹೇಳಿ ಆರು ತಿಂಗಳಾಯಿತು ಸ್ವಾಮಿ, ಓಡುತ್ತಲ್ಲ ಎನ್ನುತ್ತಾರೆ" ಎಂದು ಚಾಲಕನು ನಕ್ಕನು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಇನ್ನೊಂದು ಮಾತನ್ನು ಸೇರಿಸಿದನು: ಹೆಂಡತಿ ಫೋನಿನಲ್ಲಿ ಮಾತನಾಡಿದರೆ ಹೇಗೋ ತಿಳಿಯುತ್ತದೆ, ಚಿಕ್ಕ ಮಗಳ ಮಾತು ಮಾತ್ರ ಒಂದೂ ತಿಳಿಯುವುದಿಲ್ಲ ಎಂದು. ಆ ಮಾತನ್ನು ಕೇಳಿದಂದಿನಿಂದ ಈ ವಿಷಯವನ್ನು ವಾಚಕರ ಮುಂದಿಡಬೇಕೆಂದು ನಾವು ಯೋಚಿಸುತ್ತಿದ್ದೆವು.

ಲಾರಿ ಎಂದಮೇಲೆ ಸದ್ದು ಇದ್ದೇ ಇರುತ್ತದೆ, ಇಂಜಿನು ಎಂದಮೇಲೆ ಕಾವು ಇದ್ದೇ ಇರುತ್ತದೆ, ಅದು ಆ ಕಸುಬಿನವರ ಹಣೆಯಬರಹ ಎಂದು ನಮ್ಮ ಪೇಟೆಯ ಮಹನೀಯರು ಹೇಳುವುದುಂಟು. ಇದು ಅರ್ಧಸತ್ಯ. ಇಂಜಿನಿನಲ್ಲಿ ಹುಟ್ಟುವ ಕಾವು, ಸದ್ದುಗಳು ಯಂತ್ರದ ಧರ್ಮವೇ ಸರಿ. ಆದರೆ ಚಾಲಕನ ಪಾದಕ್ಕೂ ಕಿವಿಗೂ ಬಂದು ತಟ್ಟುವ ಕಾವು, ಸದ್ದುಗಳಲ್ಲಿ ಬಹುಪಾಲು ಯಂತ್ರದ ಧರ್ಮವಲ್ಲ, ಮಾಲೀಕರ ಅಲಕ್ಷ್ಯದ ಫಲ.

ಹಿಂದಿನ ಸಂಗತಿಯನ್ನು ಸ್ವಲ್ಪ ನೆನೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ಬಸ್ಸು, ಲಾರಿಗಳು ಇದ್ದಲಿನ ಅನಿಲದಿಂದ ಓಡಿದುವು. ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡ ಆ ಬಂಡಿಗಳ ಹಿಂದಿನ ಆಸನದಲ್ಲಿ ಕುಳಿತವರು ಅನುಭವಿಸಿದ ತಾಪವನ್ನು ನಮ್ಮ ಮನೆಯ ಹಿರಿಯರು ಕಥೆಯಾಗಿ ಹೇಳುತ್ತಿದ್ದರು. ಅದು ಯುದ್ಧಕಾಲದ ಕಷ್ಟ; ಯುದ್ಧದೊಡನೆ ಹೋಯಿತು. 1954ರಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಸಹಕಾರದಿಂದ ಜಂಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದಾಗ, ಆ ಲಾರಿಗಳಿಗೆ ಉದ್ದನೆಯ ಮೂತಿಯಿದ್ದಿತು. ಇಂಜಿನು ಚಾಲಕನ ಮುಂದೆ, ಹೊರಗೆ ಇರುತ್ತಿದ್ದಿತು. ಬರಬರುತ್ತ, ಅದೇ ಉದ್ದದ ಗಾಡಿಯಲ್ಲಿ ಹೆಚ್ಚು ಸರಕನ್ನು ಹೇರಬೇಕೆಂಬ ಆಸೆಯಿಂದ ಮೂತಿಯು ಮೊಟಕಾಯಿತು, ಚಾಲಕನ ಆಸನವು ಮುಂದಕ್ಕೆ ಬಂದಿತು, ಇಂಜಿನು ಆತನ ಮಗ್ಗುಲಿಗೇ ಬಂದು ಕುಳಿತಿತು. ಸರಕಿಗೆ ಸ್ಥಳವಾಯಿತು, ಆ ಸ್ಥಳದ ಬಾಡಿಗೆಯನ್ನು ಚಾಲಕನ ದೇಹವು ತೆರುತ್ತ ಬಂದಿದೆ. ಇದರ ಮೇಲೆ, ಅನೇಕ ಲಾರಿಗಳು ಕಾರ್ಖಾನೆಯಿಂದ ಬರಿಯ ಚಾಸಿಯಾಗಿ ಹೊರಟು, ಊರೂರಿನ ಬಾಡಿ ಕಟ್ಟುವವರ ಕೈಯಲ್ಲಿ ಮರ, ತಗಡುಗಳ ಕೋಣೆಯನ್ನು ಪಡೆಯುತ್ತಿದ್ದುವು. ಕೋಣೆಯ ಬಣ್ಣಕ್ಕೂ ಚಿತ್ತಾರಕ್ಕೂ ತೋರಿದ ಶ್ರದ್ಧೆಯಲ್ಲಿ ಕಾಲು ಪಾಲನ್ನು ನೆಲದ ಬಿರುಕುಗಳಿಗೆ ತೋರಿದ್ದರೆ ಸಾಕಾಗಿತ್ತು.

ಕಾವು ಎಲ್ಲಿಂದ ಬರುತ್ತದೆ? ಡೀಸೆಲ್ ಇಂಜಿನಿನಲ್ಲಿ ಸುಡುವ ಎಣ್ಣೆಯ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲಿನಿಂದ ನೂರಕ್ಕೆ ನಲವತ್ತರವರೆಗೆ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ದೊಡ್ಡ ಭಾಗವು ಹೊಗೆಕೊಳವೆಯ ಮೂಲಕ ಕಾವಾಗಿ ಹೊರಟುಹೋಗುತ್ತದೆ. ತುಂಬಿದ ಲಾರಿಯು ಏರನ್ನು ಹತ್ತುವಾಗ ಇಂಜಿನಿನ ಬಾಯಲ್ಲಿ ಹೊಗೆಯ ಉಷ್ಣತೆಯು 500 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಸೀಸವು ಕರಗುವುದಕ್ಕೆ 327 ಡಿಗ್ರಿ ಸಾಕೆಂಬುದನ್ನು ನೆನೆದರೆ ಇದರ ಅರ್ಥವಾದೀತು. ಇನ್ನು ಸದ್ದು. ಸಿಲಿಂಡರಿನ ಬಾಗಿಲು ತೆರೆದೊಡನೆ ಒತ್ತಡದಲ್ಲಿದ್ದ ಅನಿಲವು ಕೊಳವೆಗೆ ಬಡಿಯುತ್ತದೆ. ಆರು ಸಿಲಿಂಡರುಗಳ ಇಂಜಿನು ನಿಮಿಷಕ್ಕೆ 1,800 ಸುತ್ತು ತಿರುಗಿದರೆ ಇಂತಹ ಬಡಿತಗಳು ಸೆಕೆಂಡಿಗೆ 90 ಆಗುತ್ತವೆ. ಸೈಲೆನ್ಸರು ಎಂಬುದು ಈ ಬಡಿತಗಳನ್ನು ಕೋಣೆಯಿಂದ ಕೋಣೆಗೆ, ತೂತುಗಳುಳ್ಳ ನಳಿಗೆಗಳ ಮೂಲಕ ಅಲೆದಾಡಿಸಿ, ಅಲೆಗೆ ಅಲೆಯನ್ನೇ ಎದುರು ಮಾಡಿ ಅಡಗಿಸುವ ಉಪಕರಣ. ಅದರ ಹಿಂದೆ ತೂತು ಬಿದ್ದರೆ ಊರಿಗೆ ಹಿಂಸೆ. ಅದರ ಮುಂದೆ, ಇಂಜಿನಿನ ಹತ್ತಿರ ತೂತು ಬಿದ್ದರೆ ಚಾಲಕನಿಗೆ ಹಿಂಸೆ, ಏಕೆಂದರೆ ಅಡಗಿಸದ ಸದ್ದೂ ಆರದ ಅನಿಲವೂ ಆತನ ಆಸನದ ಅಡಿಯಲ್ಲಿಯೇ ಹೊರಕ್ಕೆ ಬರುತ್ತವೆ. ಬರುವುದು ಸದ್ದು, ಕಾವುಗಳಷ್ಟೇ ಅಲ್ಲ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಅರ್ಬುದರೋಗವನ್ನುಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನಾ ಮಂಡಲಿಯು 2012ರಲ್ಲಿಯೇ ನಿರ್ಣಯಿಸಿದೆ.

ಕಿವಿಯ ವಿಚಾರದಲ್ಲಿ ವೈದ್ಯರ ಲೆಕ್ಕ ನಿರ್ದಾಕ್ಷಿಣ್ಯವಾದುದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದಾದರೆ, ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿಯು ಅರ್ಧಕ್ಕಿಳಿಯಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಮೊದಲು ಹೋಗುವುದು ಕೀಚಲು ಸ್ವರಗಳನ್ನು ಹಿಡಿಯುವ ಶಕ್ತಿ. ಸಕಾರ, ಶಕಾರಗಳು ಮರೆಯಾಗುತ್ತವೆ, ಮಕ್ಕಳ ಎಳೆಯ ದನಿ ಮಸುಕಾಗುತ್ತದೆ. ಆ ಚಾಲಕನು ಮಗಳ ಮಾತು ತಿಳಿಯದೆಂದುದು ಫೋನಿನ ದೋಷದಿಂದಲ್ಲವೆಂದು ನಮ್ಮ ಅನುಮಾನ. ಹೀಗೆ ಹೋದ ಶ್ರವಣವು ಮರಳಿ ಬರತಕ್ಕದ್ದಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಕಿವಿ ಕೆಟ್ಟ ಕಾರ್ಮಿಕನ ಬೇನೆಯನ್ನು ಔದ್ಯೋಗಿಕ ರೋಗವೆಂದು 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯು ಒಪ್ಪಿಕೊಂಡಿದ್ದಿತು. ಲಾರಿಯ ಕೋಣೆಯೂ ಕೆಲಸದ ಮನೆಯೇ ಅಲ್ಲವೆ? ಅದಕ್ಕೆ ಗೋಡೆಗಳಿವೆ, ಯಂತ್ರವಿದೆ, ಕಾರ್ಮಿಕನಿದ್ದಾನೆ. ಇನ್ಸ್‌ಪೆಕ್ಟರು ಮಾತ್ರ ಕಾಣಿಸಿಕೊಳ್ಳುವುದಿಲ್ಲ.

ಇಲ್ಲಿ ಲಾರಿಯವರಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಹೇಳಬೇಕು. ಸೈಲೆನ್ಸರಿನ ಒಳಗಣ ತಟ್ಟೆಗಳನ್ನು ಒಡೆದು ಹಾಕಿದರೆ ಇಂಜಿನಿಗೆ ಎಳೆತ ಹೆಚ್ಚುತ್ತದೆ, ಎಣ್ಣೆ ಉಳಿಯುತ್ತದೆ ಎಂಬುದು ಆ ನಂಬಿಕೆ. ಮಸಿಗಟ್ಟಿ ಮುಚ್ಚಿಹೋದ ಸೈಲೆನ್ಸರು ಇಂಜಿನಿನ ಉಸಿರನ್ನು ಕಟ್ಟುತ್ತದೆಂಬುದು ನಿಜ. ಆದರೆ ಅದಕ್ಕೆ ಪರಿಹಾರವು ಬೇರೊಂದು ಸೈಲೆನ್ಸರನ್ನು ಹಾಕುವುದೇ ಹೊರತು, ಮೂಗು ಕಟ್ಟಿದವನ ಮೂಗನ್ನೇ ಕೊಯ್ಯುವುದಲ್ಲ. ಸರಿಯಾದ ಸ್ಥಿತಿಯಲ್ಲಿರುವ ಸೈಲೆನ್ಸರಿನ ತಡೆಯನ್ನು ಇಂಜಿನು ಮಾಡಿದವರೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಸದ್ದು ದೊಡ್ಡದಾದುದರಿಂದ ಬಲವೂ ದೊಡ್ಡದಾಯಿತೆಂಬ ಭ್ರಮೆಯು ಲಾರಿಯವರಿಗೆ ಮಾತ್ರ ಇರುವುದಲ್ಲ. ನಮ್ಮ ಸಭೆಗಳಲ್ಲಿ ಭಾಷಣಕಾರರನ್ನು ನೋಡಿದವರಿಗೆ ಇದು ಗೊತ್ತು.

ಪರಿಹಾರಗಳು ದುಬಾರಿಯಲ್ಲ. ಒಳ್ಳೆಯ ಮೇಸ್ತ್ರಿಯೊಬ್ಬನು ಬೆಳಗಿನ ಹೊತ್ತು, ಇಂಜಿನು ತಣ್ಣಗಿರುವಾಗ ಅದನ್ನು ಚಾಲೂ ಮಾಡಿಸಿ, ಕೊಳವೆಯ ತುದಿಗೆ ದಪ್ಪನೆಯ ಬಟ್ಟೆಯನ್ನು ಕ್ಷಣಕಾಲ ಒತ್ತಿ ಹಿಡಿದರೆ, ಎಲ್ಲೆಲ್ಲಿ ಸೋರಿಕೆಯಿದೆಯೋ ಅಲ್ಲಲ್ಲಿ ಬುಸುಗುಟ್ಟುವುದು ಕೇಳಿಸುತ್ತದೆ. ಮಸಿಯ ಗುರುತು ಅದಕ್ಕೆ ಸಾಕ್ಷಿ. ಕೀಲಿನ ಗ್ಯಾಸ್ಕೆಟ್ಟನ್ನು ಬದಲಾಯಿಸಿ ಬೋಲ್ಟುಗಳನ್ನು ಸಮನಾಗಿ ಬಿಗಿದರೆ ಅರ್ಧ ಕೆಲಸ ಮುಗಿಯಿತು. ಆದರೆ ನಮ್ಮ ಗ್ಯಾರೇಜುಗಳಲ್ಲಿ ನಡೆಯುವ ಒಂದು ತಪ್ಪನ್ನು ಇಲ್ಲಿ ವಿಶದವಾಗಿ ಹೇಳದೆ ವಿಧಿಯಿಲ್ಲ. ಇಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತು ಸದಾ ಅಲುಗಾಡುತ್ತಿರುತ್ತದೆ. ಹೊಗೆಕೊಳವೆಯ ಹಿಂಭಾಗವಾದರೋ ಚಾಸಿಗೆ ತೂಗುಬಿದ್ದಿರುತ್ತದೆ. ಇವೆರಡರ ನಡುವೆ ಸುಕ್ಕುಸುಕ್ಕಾದ ಉಕ್ಕಿನ ಬಳುಕುವ ತುಂಡೊಂದನ್ನು ಇಟ್ಟಿರುತ್ತಾರೆ. ಗ್ಯಾರೇಜಿನವರು ಅದನ್ನು ಫ್ಲೆಕ್ಸಿಬಲ್ ಪೈಪು ಎನ್ನುತ್ತಾರೆ. ಅದು ಹರಿದಾಗ ಹೊಸದನ್ನು ತರುವ ಬದಲು ಗಟ್ಟಿಯಾದ ನೆಟ್ಟನೆಯ ಕೊಳವೆಯನ್ನೇ ಬೆಸುಗೆ ಹಾಕಿಬಿಡುತ್ತಾರೆ. ಕೆಲವು ವಾರ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಅನಂತರ ಇಂಜಿನಿನ ಅಲುಗಾಟವನ್ನೆಲ್ಲ ತಡೆದುಕೊಳ್ಳಲಾರದೆ ಬೆಸುಗೆ ಬಿಡುತ್ತದೆ, ಇಲ್ಲವೆ ಎರಕದ ಮ್ಯಾನಿಫೋಲ್ಡೇ ಬಿರಿಯುತ್ತದೆ. ನೂರರಲ್ಲಿ ಮುಗಿಯಬೇಕಾದ ಖರ್ಚು ಸಾವಿರಗಳಿಗೆ ಹೋಗುತ್ತದೆ. ಕೊಳವೆಯನ್ನು ತೂಗುಹಾಕುವ ರಬ್ಬರುಗಳು ಹರಿದಾಗ ಅವುಗಳಿಗೆ ಬದಲಾಗಿ ತಂತಿಯನ್ನು ಬಿಗಿಯುವುದೂ ಇದೇ ಬಗೆಯ ಬುದ್ಧಿವಂತಿಕೆ.

ಕಾವಿಗೆ ತಡೆಯೆಂದರೆ ಮುಖ್ಯವಾಗಿ ಗಾಳಿಯ ಪದರ. ಕೆಂಪಗೆ ಕಾದ ಕೊಳವೆಯು ಸುತ್ತಲೂ ಕಿರಣರೂಪದಲ್ಲಿ ಕಾವನ್ನು ಚೆಲ್ಲುತ್ತಿರುತ್ತದೆ. ಅದಕ್ಕೂ ಕೋಣೆಯ ನೆಲಕ್ಕೂ ನಡುವೆ ಹೊಳಪಾದ ತಗಡೊಂದನ್ನು, ಕೊಳವೆಗೆ ತಗುಲದಂತೆ ಒಂದೆರಡು ಬೆರಳಿನ ಅಂತರದಲ್ಲಿ, ಎರಡು ತುದಿಗಳಲ್ಲಿಯೂ ಗಾಳಿಯಾಡುವಂತೆ ಕೂರಿಸಿದರೆ ಕಾವಿನ ಬಹುಭಾಗವು ಹಿಂದಿರುಗುತ್ತದೆ. ಕೊಳವೆಗೆ ಪಟ್ಟಿಯನ್ನು ಸುತ್ತುವ ಪದ್ಧತಿಯೂ ಉಂಟು. ಹಿಂದೆ ಇದಕ್ಕೆ ಕಲ್ನಾರಿನ ಹಗ್ಗವನ್ನು ಬಳಸುತ್ತಿದ್ದರು. ಅದರ ನವಿರಾದ ಎಳೆಯು ಶ್ವಾಸಕೋಶಕ್ಕೆ ವಿಷವಾದುದರಿಂದ ಅದನ್ನು ಗ್ಯಾರೇಜಿನ ಬಾಗಿಲೊಳಕ್ಕೆ ಸೇರಿಸಲೇಕೂಡದು. ಗಾಜಿನ ನೂಲಿನ ಪಟ್ಟಿಯನ್ನು ಸುತ್ತಬಹುದು, ಆದರೆ ಮಳೆಯ ನೀರು ಅದರಲ್ಲಿ ನಿಂತು ಕೊಳವೆಯು ತುಕ್ಕು ಹಿಡಿಯುತ್ತದೆ. ಎಣ್ಣೆ ಸೋರಿ ಅದರಲ್ಲಿ ಇಂಗಿದರೆ ಬೆಂಕಿಯೇ ಹತ್ತಬಹುದು. ಆದುದರಿಂದ ಹೊಳಪಿನ ತಗಡೇ ಲೇಸೆಂದು ನಮಗೆ ತೋರುತ್ತದೆ. ಇಂಜಿನಿನ ಮುಚ್ಚಳದ ಅಂಚಿನ ರಬ್ಬರು, ಗೇರು ಕಡ್ಡಿಯ ಬುಡದ ರಬ್ಬರು ಚೀಲ, ಪೆಡಲುಗಳ ಸುತ್ತಣ ಸಂದುಗಳು, ಇವುಗಳಿಗೆ ಮಾಲೀಕರು ಎರಡನೆಯ ಬಾರಿ ನೋಡುವಷ್ಟು ಬೆಲೆಯನ್ನೂ ಕೊಡುವುದಿಲ್ಲ. ಸದ್ದಿನ ಶಾಸ್ತ್ರವೋ ಬಲು ಕಠಿಣ: ಗೋಡೆಯು ಎಷ್ಟೇ ದಪ್ಪವಾಗಿರಲಿ, ಅದರ ನೂರರಲ್ಲೊಂದು ಪಾಲು ತೆರೆದಿದ್ದರೆ ಸದ್ದನ್ನು ತಡೆಯುವ ಅದರ ಶಕ್ತಿಯು 20 ಡೆಸಿಬೆಲ್ಲನ್ನು ಮೀರಲಾರದು. ಒಂದು ಟೈರಿನ ಬೆಲೆಗಿಂತ ಕಡಮೆಯಲ್ಲಿ ಇವೆಲ್ಲವನ್ನೂ ಸರಿಪಡಿಸಬಹುದು, ಟೈರು ಸವೆದರೆ ಗಾಡಿ ನಿಲ್ಲುತ್ತದೆ, ಚಾಲಕನು ಸವೆದರೆ ಗಾಡಿ ನಿಲ್ಲುವುದಿಲ್ಲ, ಕಾರಣವಿಷ್ಟೆ.

ನಮ್ಮ ಜಿಲ್ಲೆಯಲ್ಲಿ ಹೊಗೆಕೊಳವೆಯ ಪ್ರಶ್ನೆಯು ಬೆಂಕಿಯ ಪ್ರಶ್ನೆಯೂ ಆಗಿದೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ಪೆಟ್ರೋಲು, ಡೀಸೆಲ್ಲುಗಳ ದೊಡ್ಡ ಸಂಗ್ರಹಾಗಾರಗಳಿವೆ. ಅಲ್ಲಿಂದ ಹೊರಡುವ ಟ್ಯಾಂಕರುಗಳ ಕೊಳವೆಯು, 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ, ಟ್ಯಾಂಕಿನ ಮುಂಭಾಗದಲ್ಲಿಯೇ ಮುಗಿಯತಕ್ಕದ್ದು. ಕಿಡಿ ಹಾರದಂತೆ ತಡೆಯುವ ಉಪಕರಣವೂ ಅದಕ್ಕಿರತಕ್ಕದ್ದು. ಊರಿನ ಕ್ಷೇಮಕ್ಕೆ ಇದು ಅತ್ಯವಶ್ಯಕ. ಇದನ್ನು ಸಡಿಲಿಸೆಂದು ಯಾರೂ ಹೇಳರು. ಆದರೆ ಬಿಸಿ ಹೊಗೆಯ ಬಾಯಿಯನ್ನು ಹಿಂದಿನಿಂದ ಮುಂದಕ್ಕೆ ತಂದುದರಿಂದ ಅದು ಚಾಲಕನಿಗೆ ಅಷ್ಟು ಹತ್ತಿರವಾಯಿತೆಂಬುದನ್ನೂ ಮರೆಯಬಾರದು. ಊರಿನವರ ಸುರಕ್ಷತೆಗಾಗಿ ಆತನು ಅದನ್ನು ಸಹಿಸುತ್ತಿರುವಾಗ, ಆತನ ಕೋಣೆಯ ನೆಲಕ್ಕೆ ಉತ್ತಮವಾದ ತಡೆಯನ್ನು ಒದಗಿಸುವುದು ಕಂಪೆನಿಗಳ ಋಣ.

ಇನ್ನೊಂದು ಬೆಂಕಿ ರಸ್ತೆಯ ಮೇಲೆಯೇ ಕಾದಿರುತ್ತದೆ. ಸುಗ್ಗಿಯ ಕಾಲದಲ್ಲಿ ನಮ್ಮ ರೈತರು ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ರಸ್ತೆಗೆ ಹರಡಿ, ಹೋಗಿ ಬರುವ ಗಾಡಿಗಳ ಗಾಲಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಒಣಗಿದ ಹುರುಳಿ ಬಳ್ಳಿಯು ಗಾಡಿಯಡಿಯ ದಂಡಗಳಿಗೆ ಸುತ್ತಿಕೊಂಡು ಕಾದ ಕೊಳವೆಗೆ ತಗುಲಿದರೆ ಹೊತ್ತಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? 2020ರ ಏಪ್ರಿಲ್ 1ರಿಂದೀಚೆಗೆ ಬಂದಿರುವ ಬಿಎಸ್-6 ಲಾರಿಗಳಲ್ಲಿ ಈ ಅಪಾಯವು ಬೇರೊಂದು ರೂಪವನ್ನು ತಾಳಿದೆ. ಅವುಗಳ ಹೊಗೆಕೊಳವೆಯಲ್ಲಿರುವ ಮಸಿಯ ಸೋಸುಕವು ಆಗಾಗ್ಗೆ ತನ್ನಲ್ಲಿ ಕೂಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆ ಸಮಯದಲ್ಲಿ ಒಳಗಣ ಉಷ್ಣತೆಯು 600 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಅಂತಹ ಲಾರಿಯನ್ನು ಹುಲ್ಲಿನ ಮೇಲೆ ನಿಲ್ಲಿಸಕೂಡದೆಂಬುದನ್ನು ಚಾಲಕರಿಗೆ ಅವರ ಭಾಷೆಯಲ್ಲಿ, ಕನ್ನಡದಲ್ಲಿ, ಕೋಣೆಯೊಳಗೇ ಬರೆದಿಡಬೇಕು. ಇಂಗ್ಲಿಷಿನ ಕೈಪಿಡಿಯು ಮಾಲೀಕರ ಕಪಾಟಿನಲ್ಲಿದ್ದು ಪ್ರಯೋಜನವೇನು? ರೈತರನ್ನು ಬಯ್ಯುವುದಕ್ಕೆ ಮಾತ್ರ ನಾವು ಸಿದ್ಧರಿಲ್ಲ. ಕಣವಿದ್ದ ಭೂಮಿಯು ಬಡಾವಣೆಯಾಯಿತು, ಕೈಗಾರಿಕೆಯ ನಿವೇಶನವಾಯಿತು, ಹೆದ್ದಾರಿಯೇ ಆಯಿತು. ಪಂಚಾಯಿತಿಗಳು ಹೋಬಳಿಗೆ ನಾಲ್ಕು ಸಾರ್ವಜನಿಕ ಕಣಗಳನ್ನಾದರೂ ಕಟ್ಟಿಕೊಟ್ಟು ಆಮೇಲೆ ಅವರಿಗೆ ಬುದ್ಧಿ ಹೇಳಲಿ.

ಹೊಸ ಲಾರಿಗಳ ಮಾತು ಬೇರೆ. ಇದೇ ಹೊಸಕೋಟೆ ತಾಲ್ಲೂಕಿನಲ್ಲಿ 1998ರಿಂದ ಸ್ವೀಡನ್ ದೇಶದ ವೋಲ್ವೊ ಲಾರಿಗಳು ತಯಾರಾಗತೊಡಗಿದುವು. ಚಾಲಕನ ಕೋಣೆಯೂ ಮನುಷ್ಯನಿಗೆ ಯೋಗ್ಯವಾಗಿರಬಹುದೆಂಬುದನ್ನು ನಮ್ಮ ಜನ ಕಣ್ಣಾರೆ ಕಂಡರು. ಕಾಲು ಶತಮಾನದ ಮೇಲೆ ಸರ್ಕಾರಕ್ಕೂ ಅದು ಹೊಳೆಯಿತು: 2023ರ ಡಿಸೆಂಬರಿನಲ್ಲಿ ಹೊರಟ ಕೇಂದ್ರದ ಪ್ರಕಟಣೆಯಂತೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮೂರೂವರೆ ಟನ್ನಿಗೆ ಮೀರಿದ ಸರಕು ವಾಹನಗಳ ಕೋಣೆಗೆ ಹವಾನಿಯಂತ್ರಣ ಇರಲೇಬೇಕು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅಂದಿಗೆ ಮುಂಚೆ ತಯಾರಾಗಿ ಈಗಲೂ ಓಡುತ್ತಿರುವ ಲಾರಿಗಳ ಗತಿಯೇನು? ನಮ್ಮನ್ನು ಹತ್ತಿಸಿಕೊಂಡ ಆ ಪುಣ್ಯಾತ್ಮನ ಲಾರಿಯು ಇನ್ನೂ ಹತ್ತು ವರ್ಷ ಓಡಿದರೆ ಆಶ್ಚರ್ಯವಿಲ್ಲ.

ಕಾನೂನಿಗೆ ಬರಗಾಲವಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು, ಪ್ರತಿಯೊಂದು ವಾಹನಕ್ಕೂ ಹೊಗೆಯ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರು ಇರತಕ್ಕದ್ದೆಂದು ವಿಧಿಸುತ್ತದೆ. ಮೋಟಾರು ವಾಹನ ಕಾಯಿದೆಯ 190ನೆಯ ಪ್ರಕರಣದಂತೆ, ಸದ್ದಿನ ಮಿತಿಯನ್ನು ಉಲ್ಲಂಘಿಸಿದವರಿಗೆ ಮೊದಲ ತಪ್ಪಿಗೇ 10,000 ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಮೂರು ತಿಂಗಳವರೆಗೆ ಸೆರೆಮನೆ ಅಥವಾ ಎರಡೂ ವಿಧಿಸಬಹುದು. ಆ ಪ್ರಕರಣವು ವಾಹನವನ್ನು ನಡೆಸುವವನನ್ನು ಮಾತ್ರವಲ್ಲ, ನಡೆಸಗೊಡುವವನನ್ನೂ ಹೆಸರಿಸುತ್ತದೆಂಬುದನ್ನು ಅಧಿಕಾರಿವರ್ಗದವರು ದಯವಿಟ್ಟು ಮತ್ತೊಮ್ಮೆ ಓದಬೇಕು. ರಸ್ತೆಯಲ್ಲಿ ಸಿಕ್ಕುವವನು ಸಂಬಳದ ಚಾಲಕ. ಗ್ಯಾಸ್ಕೆಟ್ಟಿಗೆ ಹಣ ಕೊಡಲೊಲ್ಲದವನು ಮನೆಯಲ್ಲಿರುತ್ತಾನೆ. ಬೆಂಗಳೂರು ನಗರದಲ್ಲಿ ಹಗಲು ಭಾರಿ ಲಾರಿಗಳಿಗೆ ನಿರ್ಬಂಧವಿರುವುದರಿಂದ ಅವು ನೆಲಮಂಗಲ, ಹೊಸಕೋಟೆಗಳ ಅಂಚಿನಲ್ಲಿ ಕಾದಿದ್ದು, ಜನ ಮಲಗುವ ಹೊತ್ತಿಗೆ ಗರ್ಜಿಸುತ್ತ ಹೊರಡುತ್ತವೆ. ವಾಸದ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿಯೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ರಸ್ತೆಯ ಬದಿಯ ಮನೆಯವರಿಗೆ ಇದನ್ನು ಓದಿ ಹೇಳಿದರೆ ಅವರು ನಗುವರೋ ಅಳುವರೋ ತಿಳಿಯದು.

ಹೊಗೆಯ ಪರೀಕ್ಷೆಯ ಚೀಟಿಯನ್ನು ಕೊಡುವವರು ಕೊಳವೆಯ ಕೊನೆಯ ತುದಿಯನ್ನು ಮಾತ್ರ ನೋಡುತ್ತಾರೆ. ಅದರ ಮುಂದಣ ಭಾಗದಲ್ಲಿ ಎಷ್ಟು ತೂತುಗಳಿದ್ದರೂ ಚೀಟಿಗೆ ಅಡ್ಡಿಯಿಲ್ಲ. ಎಂಟು ವರ್ಷಕ್ಕೆ ಮೀರಿದ ಲಾರಿಯಾದರೋ ಪ್ರತಿವರ್ಷವೂ ಅರ್ಹತಾಪತ್ರಕ್ಕಾಗಿ ಬರಲೇಬೇಕು. ನೆಲಮಂಗಲದಲ್ಲಿ ಯಂತ್ರಗಳ ಮೂಲಕ ವಾಹನಗಳನ್ನು ಪರೀಕ್ಷಿಸುವ ಕೇಂದ್ರವೇ ಇದೆ. ಸಾರಿಗೆ ಇಲಾಖೆಯವರನ್ನು ನಾವು ಕೇಳುವುದಿಷ್ಟು: ಅಲ್ಲಿಗೆ ಬರುವ ಪ್ರತಿಯೊಂದು ಹಳೆಯ ಲಾರಿಯ ಅಡಿಯಲ್ಲಿಯೂ ಒಬ್ಬನು ದೀಪವನ್ನು ಹಿಡಿದು ಇಂಜಿನಿನಿಂದ ತುದಿಯವರೆಗೆ ಕೊಳವೆಯನ್ನು ನೋಡಲಿ; ಚಾಲಕನ ಆಸನದಲ್ಲಿ, ಆತನ ಕಿವಿಯ ಎತ್ತರದಲ್ಲಿ, ಸದ್ದನ್ನು ಅಳೆದು ಅಂಕಿಯನ್ನು ಪತ್ರದಲ್ಲಿ ಬರೆಯಲಿ; ತಂತಿ ಕಟ್ಟಿದ ಸೈಲೆನ್ಸರನ್ನು ಕಂಡರೆ ಹಿಂದಕ್ಕೆ ಕಳುಹಿಸಲಿ. ಲಾರಿ ಮಾಲೀಕರಿಗೆ ಇದು ಭಾರವೆಂದು ತೋರುವ ಪಕ್ಷದಲ್ಲಿ ಅವರು ಕಾರಣಗಳನ್ನು ಬರೆದು ತಿಳಿಸಬಹುದು. ಬಂದ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುವೆವು. ಚಾಲಕರು ಬರೆದರೆ ಅದಕ್ಕೆ ಮೊದಲ ಸ್ಥಳ.